ನಲವತ್ನಾಲ್ಕನೇ ಸಹಿ

ನಾನು ಮೂವತ್ತೆಂಟು ವರ್ಷ ಟಪಾಲು ಹಂಚಿದವನು. ಕಿತ್ತೂರಿನಲ್ಲಿ ಸೈಕಲ್ ಹತ್ತಿದರೆ ದೇಗಾಂವ, ನಮ್ಮೂರು, ಹೊಲದೊಳಗಿನ ಮನೆಗಳು ಎಲ್ಲವನ್ನೂ ಮುಗಿಸಿ ಊಟದ ಹೊತ್ತಿಗೆ ತಿರುಗಿ ಬರುತ್ತಿದ್ದೆ. ಬಸವಣ್ಣೆಪ್ಪ ಎಂಬ ಹೆಸರು ರೇಶನ್ ಕಾರ್ಡಿಗೆ ಮಾತ್ರ, ಊರಿಗೆಲ್ಲ ನಾನು ಟಪಾಲ ಬಸಣ್ಣ. ಅಷ್ಟು ವರ್ಷದಲ್ಲಿ ಒಂದು ಕಾಗದ ತಡೆದವನಲ್ಲ, ಕೇಳದೆ ಒಂದು ಲಕೋಟೆ ಒಡೆದವನಲ್ಲ. ಬಂದದ್ದನ್ನು ಮುಟ್ಟಿಸುವುದು ನನ್ನ ಕೆಲಸ, ಒಳಗೆ ಏನಿದೆ ಎಂಬುದು ಕಳಿಸಿದವರಿಗೂ ಪಡೆದವರಿಗೂ ಬಿಟ್ಟದ್ದು. ಈ ಮಾತನ್ನು ಎಷ್ಟು ಜಂಬದಿಂದ ಹೇಳಿಕೊಂಡು ತಿರುಗಿದ್ದೇನೆಂದರೆ, ಈಗ ನಾನು ಬಾಯಿ ತೆರೆದ ಕೂಡಲೇ ನನ್ನ ಹೆಂಡತಿ ಶಟ್ಟೆವ್ವ ಎದ್ದು ಒಳಗೆ ಹೋಗುತ್ತಾಳೆ.

ನಿವೃತ್ತಿಯಾದಾಗ ಅಳಿಯ ಕಲ್ಮೇಶ ಒಂದು ಮೊಬೈಲ್ ಕೊಡಿಸಿದ. ರಾಮದುರ್ಗದಲ್ಲಿ ಅವನದೇ ಮೊಬೈಲ್ ಅಂಗಡಿ ಇದೆ. ಕೈ ಖಾಲಿಯಾಗಿ ಕೂತಿದ್ದ ನನಗೆ ಮತ್ತೆ ಚೀಲ ಹೆಗಲಿಗೇರಿದಂತಾಯಿತು. ಬೆಳಿಗ್ಗೆ ಐದೂವರೆಗೆ ಎದ್ದು, ಚಹಾಕ್ಕಿಂತ ಮೊದಲು, ಬಂದದ್ದನ್ನೆಲ್ಲ ಹಂಚಿಬಿಡುವುದು. ಹೂವಿನ ಚಿತ್ರದ ಶುಭೋದಯ, ಮಂಡಿನೋವಿನ ಔಷಧ, ಮಳೆಯ ಸುದ್ದಿ, ರಾಜಕೀಯದವರ ಜೋಕು, ಯಾವುದಾದರೂ ಸರಿ. ಒಮ್ಮೆಗೆ ಐವರಿಗಷ್ಟೇ ಕಳಿಸಲು ಬರುತ್ತದೆ, ಅದಕ್ಕೇ ಒಂಬತ್ತು ಸಲ ಒತ್ತುತ್ತಿದ್ದೆ. ಒಟ್ಟು ನಲವತ್ಮೂರು ಮನೆ. ಹಳೆಯ ಬೀಟಿನ ಕ್ರಮದಲ್ಲೇ ಹೋಗುತ್ತಿದ್ದೆ: ಮೊದಲು ಊರಬಾಗಿಲಾದ ಅಗಸಿಯ ಬಾಜು, ಆಮೇಲೆ ಮಠದ ಓಣಿ, ಕಡೆಗೆ ತೋಟದ ಮನೆಗಳು. ಕನ್ನಡಕ ಹಾಕಿಕೊಳ್ಳುತ್ತಿರಲಿಲ್ಲ. ಓದುವುದೇ ಇಲ್ಲವೆಂದ ಮೇಲೆ ಕನ್ನಡಕ ಯಾಕೆ?

ಆ ಭಾನುವಾರವೂ ಹಾಗೆಯೇ ಹಂಚಿ, ಸ್ನಾನಕ್ಕೆ ಹೋದೆ.

ಮಧ್ಯಾಹ್ನ ಶಟ್ಟೆವ್ವ ಗಿರಣಿಯಿಂದ ಹಿಟ್ಟು ಹೊತ್ತು ಬಂದವಳು ಬುಟ್ಟಿಯನ್ನು ಇಳಿಸದೆಯೇ ಬಾಗಿಲಲ್ಲಿ ನಿಂತಳು.

"ಮುಂಜಾನೆ ಮಂದಿಗೆ ಏನ್ ಕಳಿಸೀರಿ?"

"ಬಂದದ್ದ ಕಳಿಸೇನಿ. ಯಾಕ?"

"ಕನ್ನಡಕಾ ಹಾಕ್ಕೊಳ್ರಿ. ಹಾಕ್ಕೊಂಡು ನೋಡ್ರಿ."

ನೋಡಿದೆ. ಒಂದರ ಕೆಳಗೊಂದು ಎರಡು ಚಿತ್ರ. ಮೇಲಿನದರಲ್ಲಿ ನಮ್ಮೂರ ಪದ್ಮವ್ವನ ಮಗಳು ಭಾಗ್ಯಾ ಕೈಮುಗಿದು ನಿಂತಿದ್ದಾಳೆ, "ಮುಂದ ಕೈ ಮುಗಿತಾಳ" ಎಂದು ಬರೆದಿದೆ. ಕೆಳಗಿನದರಲ್ಲಿ ಅದೇ ಭಾಗ್ಯಾ ನೆಲದ ಮೇಲೆ ಹಾಸಿದ ದೊಡ್ಡ ಚಿತ್ರವೊಂದರ ಮೇಲೆ ಕಾಲಿಟ್ಟಿದ್ದಾಳೆ. ಆ ಚಿತ್ರ ಕಿತ್ತೂರ ರಾಣಿಯದು, ಕೈಯಲ್ಲಿ ಖಡ್ಗ, ಹಣೆಯ ಹತ್ತಿರ ಭಾಗ್ಯಾಳ ಬರಿಗಾಲು. "ಹಿಂದ ಕಾಲ ಇಡತಾಳ" ಎಂದು ಬರೆದು, ಪಕ್ಕದಲ್ಲಿ ನಕ್ಕು ನಕ್ಕು ಕಣ್ಣೀರು ಸುರಿಸುವ ಹಳದಿ ಮುಖಗಳನ್ನು ಅಂಟಿಸಿದ್ದಾರೆ. ಎಲ್ಲಕ್ಕಿಂತ ಕೆಳಗೆ, "ಇಂಥಾಕಿಗೆ ನಿಮ್ಮ ವೋಟೇನ್ರಿ?"

ಭಾಗ್ಯಾ ಕಿತ್ತೂರಿನ ಫ್ಲೆಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ವಯಸ್ಸು ಇಪ್ಪತ್ತೇಳು. ಕೇರಿಯ ನಲ್ಲಿಗೆ ನೀರು ಬರಲಿ ಎಂದು ಮೂರು ವರ್ಷ ಅರ್ಜಿ ಬರೆದು ಬರೆದು, ಕೊನೆಗೆ ಈ ಸಲ ತಾನೇ ಪಂಚಾಯತಿಗೆ ನಿಂತವಳು. ಎದುರಿಗೆ ನಿಂತಿರುವಾಕೆ ತಂಗೆವ್ವ, ಪಂಚಾಯತಿಯ ಮಾಜಿ ಅಧ್ಯಕ್ಷ ನಿಜಗುಣಪ್ಪಗೌಡರ ಸೊಸೆ. ಭಾಗ್ಯಾ ಹಿಂದೆ ಸರಿದರೆ ತಂಗೆವ್ವ ಅವಿರೋಧವಾಗಿ ಆರಿಸಿ ಬಂದಂತೆ. ಇದು ಊರಿಗೆಲ್ಲ ಗೊತ್ತಿದ್ದ ಸಂಗತಿ.

ನಮ್ಮ ಕಡೆ ರಾಣಿಯ ಮೇಲೆ ಕಾಲಿಡುವುದೆಂದರೆ ಸ್ವಂತ ತಾಯಿಯ ಮೇಲೆ ಕಾಲಿಟ್ಟಂತೆ. ಜನ ಮೊದಲು ನಕ್ಕರು, ಆಮೇಲೆ ಸಿಟ್ಟಾದರು. ಎರಡರ ನಡುವೆ ಇದು ಖರೆಯೇ ಎಂದು ಯಾರೂ ಕೇಳಲಿಲ್ಲ. ಹನ್ನೆರಡು ಗಂಟೆಗೆಲ್ಲ ನಾಲ್ಕು ಮಂದಿ ಕಿತ್ತೂರಿಗೆ ಹೋಗಿ ಫ್ಲೆಕ್ಸ್ ಅಂಗಡಿಯ ಶಟರ್ ಇಳಿಸಿ ಬಂದರು. ಸಂಜೆಗೆ ಗೌಡರ ಮಾತು ಕೇರಿಗೆ ಮುಟ್ಟಿತು: ಗುರುವಾರ ಮುಂಜಾನೆ ಹತ್ತಕ್ಕೆ ಹುಡುಗಿ ಊರಕಟ್ಟೆಗೆ ಬಂದು ಮೂಗು ನೆಲಕ್ಕೆ ಹಚ್ಚಿ ತಪ್ಪಾಯಿತು ಅನ್ನಬೇಕು, ಮೂರು ಗಂಟೆಯೊಳಗೆ ಹೆಸರು ವಾಪಸು ತೆಗೆದುಕೊಳ್ಳಬೇಕು. ಮೂರಕ್ಕೆ ವಾಪಸಾತಿಯ ಗಡುವು ಮುಗಿಯುತ್ತಿತ್ತು.

ನಾನು ಚಪ್ಪಲಿ ಮೆಟ್ಟಿ ಕೇರಿಗೆ ನಡೆದೆ. ಪದ್ಮವ್ವನಿಗೆ ಓದಲು ಬರುವುದಿಲ್ಲ. ಪುಣೆಯಲ್ಲಿದ್ದ ಅವಳ ಅಣ್ಣ ಬರೆದ ಕಾಗದಗಳನ್ನೆಲ್ಲ ಬಾಬಾಸಾಹೇಬರ ಫೋಟೊದ ಕೆಳಗೆ ಕೂತು ನಾನೇ ಓದಿ ಹೇಳುತ್ತಿದ್ದೆ. ಅಣ್ಣ ಸತ್ತ ಸುದ್ದಿಯನ್ನೂ ನಾನೇ ಓದಿದ್ದೆ. ಆ ಭಾನುವಾರ ಮಾತ್ರ ಅವಳು ನನ್ನನ್ನು ಒಳಗೆ ಕರೆಯಲಿಲ್ಲ.

"ನಿಮ್ಮ ಬಾಯಿಲೆ ಬಂದದ್ದನ್ನ ನಾ ಎಂದೂ ಸುಳ್ಳ ಅಂದಾಕಿ ಅಲ್ರಿ ಬಸಣ್ಣಾರ," ಎಂದಳು. "ಮಂದೀನೂ ಹಂಗ ಅನ್ನಾಕತ್ತೈತಿ. ಟಪಾಲ ಬಸಣ್ಣ ಕಳಿಸ್ಯಾನಂದ್ರ ಖರೇನ ಇರ್ಬೇಕು ಅಂತ."

ಅಲ್ಲಿಯೇ ಹೊಸ್ತಿಲ ಹೊರಗೆ ಕೂತೆ.

ಭಾಗ್ಯಾ ಹೊರಗೆ ಬಂದಳು. ಅಳುತ್ತಿರಲಿಲ್ಲ. ತನ್ನ ಫೋನಿನಲ್ಲಿ ಅದೇ ಚಿತ್ರವನ್ನು ಹಿಗ್ಗಿಸಿ ನನ್ನ ಮುಂದೆ ಹಿಡಿದಳು.

"ಕಾಕಾ, ಈ ಕಟ್ಟಿಗಿ ನೋಡ್ರಿ. ಫ್ಲೆಕ್ಸ್ ಹೆಂಗ ಕಟ್ತಾರ ಗೊತ್ತೈತೇನ್ರಿ? ಮಾರಿ ಕೆಳಗ ಮಾಡಿ ಹಾಸ್ತೇವಿ. ಬೆನ್ನ ಮ್ಯಾಲ ಕಟ್ಟಿಗಿ ಚೌಕಟ್ಟ ಇಡ್ತೇವಿ. ಅಂಚ ಒಳಗ ಮಡಚಿ ಮೊಳಿ ಹೊಡಿತೇವಿ. ಎಳಿಯೂ ಮುಂದ ಚೌಕಟ್ಟ ಸರೀಬಾರ್ದಂತ ಒಂದ ಕಾಲ ಕಟ್ಟಿಗಿ ಮ್ಯಾಲ ಇಡ್ತೇವಿ. ನಾ ಕಾಲ ಇಟ್ಟದ್ದು ಖರೆ. ಚಪ್ಪಲ ಬಿಟ್ಟು, ಕಟ್ಟಿಗಿ ಮ್ಯಾಲ. ಕೆಳಗ ಇದ್ದದ್ದು ಬಿಳಿ ಬೆನ್ನು. ಆ ಬಿಳಿ ಜಾಗಾದಾಗ ಯಾರೋ ರಾಣಿ ಮಾರಿ ತಂದು ತುಂಬ್ಯಾರ. ಮಾರಿ ಮ್ಯಾಲ ಕಟ್ಟಿಗಿ ಇಟ್ಟು ಕಟ್ಟಿದ ಬೋರ್ಡ ನೀವ ಎಲ್ಲ್ಯರ ನೋಡೀರೇನ್ರಿ?"

ನೋಡಿರಲಿಲ್ಲ. ಯಾರೂ ನೋಡಿರಲಿಕ್ಕಿಲ್ಲ. ಆದರೂ ನಲವತ್ಮೂರು ಮನೆಯಲ್ಲಿ ಒಬ್ಬರಿಗೂ ಅದು ಹೊಳೆದಿರಲಿಲ್ಲ.

"ಈ ಫೋಟೊ ತಗದಾವ್ರು ಯಾರವಾ?"

"ಯಾರಿಗ್ಗೊತ್ರಿ? ಉತ್ಸವದ ಮುಂದ ಅಂಗಡ್ಯಾಗ ಜಾತ್ರಿ ಇತ್ತು. ಹತ್ತ ಮಂದಿ ಹತ್ತ ಫೋಟೊ ತಗದಾರು. ಆ ಅಸಲ ಫೋಟೊ ಸಿಕ್ರ ಬೆನ್ನ ಬಿಳಿ ಇತ್ತಂತ ತೋರಿಸಬಹುದು." ಅವಳು ತಾಯಿಯ ಕಡೆ ನೋಡಿದಳು. "ನಾ ಹೆಸರ ಹಿಂದಕ ತಗೊಳ್ಳಂಗಿಲ್ಲ ಕಾಕಾ. ಮೂಗೂ ಹಚ್ಚಂಗಿಲ್ಲ. ಆದ್ರ ನಮ್ಮವ್ವ ಈ ಊರಾಗ ತಲಿ ಎತ್ತಿ ನೀರಿಗೆ ಹೋಗ್ಬೇಕು."

"ಹೋಗ್ತಾಳ," ಎಂದೆ. "ಮುಟ್ಟಿಸಿದಾಂವ ನಾನು, ತಿರುಗಿ ತರಾಂವನೂ ನಾನ."

ಹೇಳುವುದು ಸುಲಭ. ಮನೆಗೆ ಬಂದು, ನಾನು ಕಳಿಸಿದ್ದನ್ನೆಲ್ಲ ಅಳಿಸಿದೆ. ಅದು ಅಷ್ಟರಲ್ಲಿ ಬೇರೆ ಫೋನುಗಳಿಗೆ ದಾಟಿ ಹೋಗಿತ್ತು. ಚಿತ್ರ ಸುಳ್ಳು, ಕಟ್ಟಿಗೆ ನೋಡಿರಿ ಎಂದು ಒಂದು ತಾಸು ಕೂತು ಬರೆದು ಅದೇ ನಲವತ್ಮೂರು ಮನೆಗೆ ಕಳಿಸಿದೆ. ಏಳು ಮಂದಿ ಕೈಮುಗಿದ ಚಿತ್ರ ಕಳಿಸಿದರು, ಇಬ್ಬರು ಗುಲಾಬಿ ಹೂವು ಕಳಿಸಿದರು, ಒಬ್ಬ ಶುಭ ಸಂಜೆ ಎಂದ. ಒಬ್ಬರೂ ಓದಿರಲಿಲ್ಲ. ಯಾಕೆ ಓದುತ್ತಾರೆ? ನಾನು ಕಳಿಸುವುದು ಓದುವಂಥದ್ದಲ್ಲ ಎಂದು ನಾನೇ ಅವರಿಗೆ ಆರು ವರ್ಷದಿಂದ ಕಲಿಸಿದ್ದೆ.

ಸೋಮವಾರವೆಲ್ಲ ಅಂಗಡಿ, ಶಾಲೆ, ಉತ್ಸವ ಸಮಿತಿಯವರು ಎಂದು ಕಿತ್ತೂರಿನಲ್ಲಿ ಅಲೆದೆ. ಅಸಲು ಫೋಟೊ ಯಾರ ಬಳಿಯೂ ಇರಲಿಲ್ಲ. ಉಳಿದದ್ದು ಒಂದೇ ದಾರಿ. ವಿಳಾಸ ತಪ್ಪಿ ಬಂದ ಕಾಗದವನ್ನು ನಾವು ಹೇಗೆ ಬಂದ ದಾರಿಯಲ್ಲೇ ಹಿಂದಕ್ಕೆ ಕಳಿಸುತ್ತಿದ್ದೆವೋ ಹಾಗೆ, ನನಗೆ ಯಾರು ಕಳಿಸಿದರು, ಅವರಿಗೆ ಯಾರು, ಎಂದು ಹಿಂದೆ ಹಿಂದೆ ಹೋಗುವುದು.

ಮಂಗಳವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟರೆ ಶಟ್ಟೆವ್ವನೂ ಸೀರೆ ಬದಲಿಸಿಕೊಂಡು ನಿಂತಿದ್ದಳು.

"ನೀ ಎಲ್ಲಿಗೆ?"

"ಒಬ್ರ ಹೋದ್ರ ಎಲ್ಲಾರ ಮನ್ಯಾಗೂ ಚಹಾ ಕುಡದು ಬರ್ತೀರಿ. ಕೇಳೂದ ಕೇಳಂಗಿಲ್ಲ. ನನಗೇನ್, ಟಿಕೀಟೂ ಇಲ್ಲ."

ನನಗೆ ಕಳಿಸಿದವರು ಬೈಲಹೊಂಗಲದ ಚನ್ನವ್ವ ಅಕ್ಕೋರು. ಅರ್ಧ ತಾಲೂಕಿಗೆ ಅಕ್ಷರ ಕಲಿಸಿದವರು, ನನ್ನ ಮಗಳೂ ಅವರ ಕೈಯಲ್ಲೇ ಕಲಿತವಳು. ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಅವರ ಮನೆ. ಕಟ್ಟಿಗೆ ತೋರಿಸಿ ಹೇಳಿದ ಮೇಲೆ ಫೋನನ್ನು ಕಣ್ಣಿನ ಹತ್ತಿರ ಹಿಡಿದು ಇನ್ನೊಮ್ಮೆ ನೋಡಿದರು. "ಸಾಲ್ಯಾಗ ಪ್ರತಿ ಹುಡುಗ್ಗೂ ಹೇಳ್ತಿದ್ನಿ, ಓದಿ ಸಹಿ ಮಾಡ್ರಿ ಅಂತ," ಎಂದರು. ಅವರಿಗೆ ಕಳಿಸಿದಾಕೆ ಸವದತ್ತಿಯ ಪೂನಮ್.

ಪೂನಮಳಿಗೆ ಎಲ್ಲಮ್ಮನ ಗುಡ್ಡದ ದಾರಿಯಲ್ಲಿ ಬಳೆ, ಕುಂಕುಮದ ಅಂಗಡಿ. ಮಹಿಳಾ ಸಂಘಗಳಿಗೆಲ್ಲ ಆಕೆಯದೇ ಮುಂದಾಳತ್ವ. ಗಿರಾಕಿಗೆ ಬಳೆ ಏರಿಸುತ್ತಲೇ ನನ್ನ ಮಾತು ಕೇಳಿದಳು, ಕೇಳುತ್ತ ಕೇಳುತ್ತ ಕೈ ನಿಂತಿತು.

"ಅಯ್ಯ, ನಾ ಎಂಬತ್ತ ಸಂಘಕ್ಕ ಕಳಿಸೇನ್ರಿ," ಎಂದಳು. "ನನಗ ಕಳಿಸಿದಾವ್ರು ರಾಮದುರ್ಗದ ಕಲ್ಮೇಶ ಸರ್. ಮೊಬೈಲ್ ಅಂಗಡಿ ಐತಲ್ಲ, ಅವ್ರು. ಯಾಕ್ರಿ, ನಿಮಗ ಗುರ್ತ ಅದಾರೇನ್ರಿ?"

ನಾನು ಶಟ್ಟೆವ್ವನ ಮುಖ ನೋಡಿದೆ. ಅವಳು ಚೀಲ ಎತ್ತಿಕೊಂಡು ಆಗಲೇ ಬಸ್ ನಿಲ್ದಾಣದ ಕಡೆ ಹೊರಟಿದ್ದಳು. ಮಧ್ಯಾಹ್ನಕ್ಕೆ ರಾಮದುರ್ಗ ಮುಟ್ಟಿದೆವು.

ಅಳಿಯ ಊಟಕ್ಕೆ ಮನೆಗೆ ಬಂದಿದ್ದ. ಮಗಳು ಶೈಲಶ್ರೀ ನೀರು ತಂದಿಟ್ಟಳು. ಹೇಳದೆ ಕೇಳದೆ ಬಂದದ್ದಕ್ಕೆ ಹಿಗ್ಗಿದವಳು, ನಮ್ಮ ಮುಖ ನೋಡಿ ಅಲ್ಲೇ ನಿಂತಳು. ಅಳಿಯನಿಗೆ ನಾವು ಏಕವಚನ ಹಚ್ಚುವುದಿಲ್ಲ. ಅತ್ತೆಯಾದವಳು ಸೆರಗು ತಲೆಯ ಮೇಲೆ ಎಳೆದುಕೊಂಡು ಬಾಗಿಲ ಮರೆಯಲ್ಲಿ ನಿಲ್ಲುವುದು, ಮಾತೇನಿದ್ದರೂ ನನ್ನ ಮೂಲಕ. ಮದುವೆಯಾಗಿ ಒಂಬತ್ತು ವರ್ಷವಾದರೂ ಶಟ್ಟೆವ್ವ ಅದನ್ನು ಮೀರಿರಲಿಲ್ಲ.

ನಾನು ಫೋನಿನಲ್ಲಿ ಚಿತ್ರ ತೆಗೆದು ಅವನ ಮುಂದೆ ಇಟ್ಟೆ. "ಇದನ್ನ ನೀವ ಮಾಡೀರೇನ್ರಿ?"

ಕಲ್ಮೇಶ ನಕ್ಕ. "ಜೋಕ್ರಿ ಮಾವಾರ. ಹತ್ತ ನಿಮಿಷದ ಕೆಲಸ."

"ಯಾರ ಹೇಳಿದ್ರು?"

"ಮ್ಯಾಲಿಂದ ದಿನಾ ಒಂದ ಹೆಸರ ಬರ್ತೈತ್ರಿ. ಈ ಊರಾಗ ಇಂಥಾವ್ರು ಅಂತ. ನಾ ಒಂದ ಫೋಟೊ ಹುಡುಕಿ ಏನರ ಮಾಡಿ ಬಿಡತೇನಿ. ಚುನಾವಣಿ ಅಂದ್ರ ಹಂಗ್ರಿ, ಆ ಕಡಿಯಾವ್ರೂ ಮಾಡ್ತಾರ." ಅವನಿಗೆ ತನ್ನ ಕೆಲಸ ವಿವರಿಸುವ ಹುರುಪೇ ಬಂದುಬಿಟ್ಟಿತು. "ಬೈದು ಬರದ್ರ ಮಂದಿ ಇದು ಖರೇನೋ ಸುಳ್ಳೋ ಅಂತ ಕೇಳ್ತಾರ ಮಾವಾರ. ನಗಿಸಿದ್ರ ಯಾರೂ ಕೇಳಂಗಿಲ್ಲ. ನಕ್ಕು ಮುಂದಿನಾವ್ರಿಗೆ ಕಳಿಸ್ತಾರ."

"ಆ ಹುಡುಗಿ ಗುರ್ತ ಐತೇನು ನಿಮಗ?"

"ಇಲ್ರಿ."

"ಫೋಟೊ ಎಲ್ಲಿದು?"

ಅವನ ಹುರುಪು ಇಳಿಯಿತು. ತಟ್ಟೆಯಲ್ಲಿನ ರೊಟ್ಟಿ ಮುರಿಯುತ್ತ ಕೂತ. ಶೈಲಶ್ರೀ, "ಹೇಳ್ರಿ," ಎಂದಳು.

"ನೀವ ಕಳಿಸಿದ್ದು ಮಾವಾರ. ಮನಿ ಗ್ರೂಪಿಗೆ. ಉತ್ಸವದ ಹೊತ್ತಿನ್ಯಾಗ."

ಕನ್ನಡಕ ಹಾಕಿಕೊಂಡು ಹಿಂದೆ ಹಿಂದೆ ಸರಿಸುತ್ತ ಹೋದೆ. ಅಕ್ಟೋಬರ್ ತಿಂಗಳು. ಸಿಕ್ಕಿತು. ಅಂಗಡಿಯ ಮುಂದಿನ ಅಂಗಳ, ಬೆಳ್ಳಗೆ ಹಾಸಿದ ಫ್ಲೆಕ್ಸಿನ ಬೆನ್ನು, ಅದರ ಮೇಲೆ ಕಟ್ಟಿಗೆಯ ಚೌಕಟ್ಟು, ಚೌಕಟ್ಟಿನ ಮೇಲೆ ಒಂದು ಕಾಲಿಟ್ಟು ಸುತ್ತಿಗೆ ಹಿಡಿದು ನಗುತ್ತಿರುವ ಭಾಗ್ಯಾ. ಮೂಲೆಯಲ್ಲಿ ನನ್ನ ಸೈಕಲ್ಲಿನ ಹ್ಯಾಂಡಲ್ಲು, ಗಂಟೆ. ಕೆಳಗೆ ನಾನೇ ಬರೆದ ಸಾಲು: "ನಮ್ಮೂರ ಹುಡುಗಿ ರಾಣಿಯ ಬೋರ್ಡು ಕಟ್ಟುತ್ತಿದ್ದಾಳೆ." ಹೆಮ್ಮೆಯಿಂದ ತೆಗೆದ ಫೋಟೊ. ತೆಗೆದದ್ದನ್ನೂ ಮರೆತಿದ್ದೆ. ಕಲ್ಮೇಶ ನನ್ನ ಸೈಕಲ್ ಕತ್ತರಿಸಿ ಹಾಕಿದ್ದರಿಂದ, ಸುಳ್ಳು ಚಿತ್ರವನ್ನು ಮೂರು ದಿನ ನೋಡಿದರೂ ನನಗೆ ಗುರುತು ಹತ್ತಿರಲಿಲ್ಲ.

"ನನಗ ನೇರ ಯಾಕ ಕಳಿಸಲಿಲ್ಲ?" ಎಂದೆ. ಬೇರೆ ಏನು ಕೇಳಬೇಕೋ ತಿಳಿಯಲಿಲ್ಲ.

"ನಾನ ಕಳಿಸಿದ್ರ ನಿಮಗ ಅನುಮಾನ ಬರ್ತಿತ್ರಿ. ಸುತ್ತ ಹಾಕಿ ಬಂದ್ರ ಬರಂಗಿಲ್ಲ."

ಮೇಜಿನ ಮೇಲೆ ಅವನ ಫೋನಿತ್ತು. ಶೈಲಶ್ರೀ ಅದನ್ನು ಎತ್ತಿಕೊಂಡು ಏನೋ ತೆಗೆದಳು, ಓದಿದಳು, ನನ್ನ ಕೈಗೆ ಕೊಟ್ಟಳು. ಒಂದು ಪಟ್ಟಿ. ನಾಲ್ಕೂ ತಾಲೂಕಿನ ಹೆಸರುಗಳು, ಪ್ರತಿ ಹೆಸರಿನ ಮುಂದೆ ಒಂದು ಸಾಲು. ಚನ್ನವ್ವ ಅಕ್ಕೋರು, ಬೈಲಹೊಂಗಲ, ಹಳೆಯ ವಿದ್ಯಾರ್ಥಿಗಳು. ಪೂನಮ್, ಸವದತ್ತಿ, ಮಹಿಳಾ ಸಂಘ. ಅವರ ಕೆಳಗೆ ನಾನು. "ಬಸವಣ್ಣೆಪ್ಪ ಟಪಾಲ, ಕಿತ್ತೂರು ಕಡೆ, ನಲವತ್ಮೂರು ಮನೆ. ಓದದೆ ಕಳಿಸುತ್ತಾರೆ. ಜನ ನಂಬುತ್ತಾರೆ."

ಮೂವತ್ತೆಂಟು ವರ್ಷದ ನನ್ನ ನೌಕರಿಯನ್ನು ಇಷ್ಟು ಸರಿಯಾಗಿ ಇನ್ನಾರೂ ಬರೆದಿರಲಿಲ್ಲ. ನನಗೆ ಆದ ನಾಚಿಕೆಯನ್ನು ಹೇಗೆ ಹೇಳಲಿ? ಮಗಳ ಮುಂದೆ ಕಣ್ಣಲ್ಲಿ ನೀರು ಬಂತು.

ಆಗ ಶಟ್ಟೆವ್ವ ಬಾಗಿಲ ಮರೆಯಿಂದ ಈಚೆ ಬಂದಳು. ಸೆರಗು ತಲೆಯಿಂದ ಜಾರಿತ್ತು, ಅದನ್ನು ಸರಿಮಾಡಿಕೊಳ್ಳಲಿಲ್ಲ.

"ಕಲ್ಮೇಶಾ," ಎಂದಳು. "ನಾಳಿ ಯಾವನರ ನನ್ನ ಮಗಳ ಫೋಟೊಕ್ಕ ಹಿಂಗ ಮಾಡಿ ಮಂದೀನ ನಗಸ್ತಾನ. ಅವತ್ತ ನೀನೂ ನಗು."

ಇದನ್ನು ಮಾಡಿದವರು ನೀವೇ ಎಂದು ಎರಡು ಸಾಲು ಬರೆದುಕೊಡಿರಿ ಎಂದು ಅಳಿಯನಿಗೆ ಹೇಳಿದೆ. ಹಾಗೆ ಮಾಡಿದರೆ ತನ್ನನ್ನು ಬಿಡುವುದಿಲ್ಲ ಎಂದ. ಅವನು ಹೆದರಿದ್ದು ಮೇಲಿನವರಿಗೆ, ನಮಗಲ್ಲ. ಬೇಡ ಎಂದು ಎದ್ದೆ. ಬೇಕಾದದ್ದು ನನ್ನ ಜೇಬಿನಲ್ಲೇ ಇತ್ತು. ಅವನ ಮನೆಯಲ್ಲಿ ಅನ್ನ ಮುಟ್ಟಲಿಲ್ಲ. ಶೈಲಶ್ರೀ ಬಸ್ಸಿನವರೆಗೆ ಓಡಿ ಬಂದು ತಾಯಿಯ ಕೈಗೆ ರೊಟ್ಟಿಯ ಗಂಟು ಕೊಟ್ಟು, "ಅಪ್ಪಾ, ಮೂಗು ಹಚ್ಚಾಕ ಬಿಡಬ್ಯಾಡ," ಎಂದಳು.

ಬುಧವಾರ ಫ್ಲೆಕ್ಸ್ ಅಂಗಡಿಯ ಮಾಲೀಕ ಅರ್ಜುನ ಶಟರನ್ನು ಅರ್ಧ ಎತ್ತಿ ನನ್ನನ್ನೂ ಭಾಗ್ಯಾಳನ್ನೂ ಒಳಗೆ ಕರೆದ. ಎರಡೂ ಫೋಟೊ ಒಂದರ ಪಕ್ಕ ಒಂದು, ಎರಡರಲ್ಲೂ ಕಟ್ಟಿಗೆಗೆ ಕೆಂಪು ಗೆರೆ, ಕೆಳಗೆ ಭಾಗ್ಯಾ ಬರೆದ ನಾಲ್ಕು ಸಾಲು. ನಲವತ್ಮೂರು ಪ್ರತಿ. ಒಂದೊಂದನ್ನೂ ಲಕೋಟೆಗೆ ಹಾಕಿ, ನನ್ನ ಕೈಯಿಂದಲೇ ಮನೆಯ ಹಿರಿಯರ ಹೆಸರು ಬರೆದು, ಅಂಟು ಹಚ್ಚಿದೆ. ಜತೆಗೆ ಒಂದೊಂದು ಚೀಟಿ: "ಭಾನುವಾರ ಮುಟ್ಟಿದ ಚಿತ್ರ ಸುಳ್ಳು. ಖರೆ ಚಿತ್ರ ಇಂದು ಮುಟ್ಟಿತು. ಓದಿದ್ದೇನೆ." ಅದರ ಕೆಳಗೆ ಸಹಿಗೆ ಜಾಗ. ಈಗ ರಜಿಸ್ಟರ್ ಟಪಾಲು ಎಂಬುದನ್ನೇ ಸ್ಪೀಡ್ ಪೋಸ್ಟಿನಲ್ಲಿ ಸೇರಿಸಿಬಿಟ್ಟಿದ್ದಾರಂತೆ. ಆದರೆ ನಮ್ಮ ಕಡೆಯ ಜನಕ್ಕೆ ಸಹಿ ಹಾಕಿ ತೆಗೆದುಕೊಂಡ ಕಾಗದವೆಂದರೆ ಇವತ್ತಿಗೂ ಭಯ ಭಕ್ತಿ. ಅದನ್ನು ಒಡೆಯದೆ ಯಾರೂ ಇಡುವುದಿಲ್ಲ.

ಟ್ರಂಕಿನಿಂದ ಖಾಕಿ ಅಂಗಿ ತೆಗೆದೆ. ಹೊಟ್ಟೆಯ ಹತ್ತಿರದ ಗುಂಡಿ ಹಾಕಲು ಬರಲಿಲ್ಲ, ಶಟ್ಟೆವ್ವ ಅದನ್ನು ಕಿತ್ತು ಈಚೆಗೆ ಹೊಲಿದುಕೊಟ್ಟಳು. ಸೈಕಲ್ಲಿನ ಗಾಲಿಗೆ ಗಾಳಿ ಹೊಡೆಸಿ, ಅಗಸಿಯ ಬಾಜುವಿನಿಂದ ಶುರು ಮಾಡಿದೆ.

ಲಕೋಟೆ ಕೊಟ್ಟರೆ ಸಾಲದು, ಬಾಯಿಬಿಟ್ಟು ಹೇಳಬೇಕೆಂದು ನಾನೇ ನಿಯಮ ಮಾಡಿಕೊಂಡಿದ್ದೆ. "ಐತವಾರ ನಾ ಓದಲಾರದ ಕಳಿಸಿದೆ. ಅದು ಸುಳ್ಳು. ತಪ್ಪ ನಂದು. ಇದನ್ನ ಓದಿ ಸಹಿ ಮಾಡ್ರಿ." ಹತ್ತನೆಯ ಮನೆಗೆ ಹೋಗುವಷ್ಟರಲ್ಲಿ ದನಿ ಗಟ್ಟಿಯಾಯಿತು. ಓದಿ ಮುಗಿಸುವವರೆಗೆ ಹೊಸ್ತಿಲು ಬಿಟ್ಟು ಕದಲುತ್ತಿರಲಿಲ್ಲ. ಮಠದ ಓಣಿಯಲ್ಲಿ ಒಬ್ಬ, "ಅವ್ರ ಕಡೆ ಸೇರ್ಕೊಂಡೀಯೇನೋ ಬಸಣ್ಣಾ?" ಎಂದು ಬಾಗಿಲು ಹಾಕಿದ. ಕಟ್ಟೆಯ ಮೇಲೆ ಕೂತೆ. ಮುಕ್ಕಾಲು ತಾಸಿನ ಮೇಲೆ ಅವನ ಹೆಂಡತಿ ಬಂದು ಓದಿ ಸಹಿ ಹಾಕಿದಳು, ಆಮೇಲೆ ಅವನನ್ನೂ ಎಳೆದು ತಂದು ಹಾಕಿಸಿದಳು. ಎಂಬತ್ತು ದಾಟಿದ ಮುದಕವ್ವ ನಾನು ಓದಿ ಹೇಳಿದ್ದನ್ನು ಕೇಳಿ ಹೆಬ್ಬೆಟ್ಟು ಒತ್ತಿ, "ಮೊಮ್ಮಗ ತೋರಿಸಿದಾಗ ನಾನೂ ನಕ್ನೆಪಾ," ಎಂದು ಕಣ್ಣೊರೆಸಿಕೊಂಡಳು. "ನೀ ಕಳಿಸಿದ್ದಂತಲ್ಲ."

ಗುರುವಾರ ಒಂಬತ್ತು ಗಂಟೆಗೆ ನಲವತ್ತೆರಡು ಸಹಿ ಕೈಯಲ್ಲಿದ್ದವು. ಉಳಿದವರು ನಿಜಗುಣಪ್ಪಗೌಡರು. ಅವರು ಊರಕಟ್ಟೆಯ ಮೇಲೆ ಕೂತಿದ್ದರು, ಸುತ್ತ ನೂರೈವತ್ತು ಜನ. ನಾನು ಖಾಕಿ ತೊಟ್ಟೇ ಹೋಗಿ ಲಕೋಟೆ ಚಾಚಿದೆ.

"ಏನಿದು?"

"ಟಪಾಲ್ರಿ. ಓದಿ ಸಹಿ ಮಾಡ್ಬೇಕು."

"ನೀ ರಿಟೈರ್ ಆಗಿ ಎಷ್ಟ ವರ್ಷಾತೋ? ಒಯ್ಯಿ ಅತ್ತಾಗ."

"ಬ್ಯಾಡಂದ್ರ ಬ್ಯಾಡ್ರಿ." ಕಿವಿಯ ಮೇಲಿನ ಪೆನ್ನು ತೆಗೆದು, ಲಕೋಟೆಯ ಹಿಂಬದಿಯಲ್ಲಿ ಎಲ್ಲರಿಗೂ ಕೇಳುವಂತೆ ಓದುತ್ತಾ ಬರೆದೆ: "ಸ್ವೀಕರಿಸಲು ನಿರಾಕರಿಸಿದ್ದಾರೆ. ತಾರೀಖು, ಇವತ್ತಿಂದು." ಊರಿನಲ್ಲಿ ಆ ಮಾತು ಯಾರಿಗೆ ಗೊತ್ತಿಲ್ಲ? ಕೋರ್ಟಿನ ನೋಟಿಸಿಗೆ ಹೆದರಿದವರ ಲಕೋಟೆಗೆ ನಾವು ಬರೆಯುತ್ತಿದ್ದ ಮಾತು ಅದು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಗೌಡರ ಮುಖ ಕೆಂಪಾಯಿತು.

ಅಷ್ಟರಲ್ಲಿ ಅರ್ಜುನನ ಟಂಟಂ ಗಾಡಿ ಬಂದು ನಿಂತಿತು. ಭಾಗ್ಯಾ ಇಳಿದಳು, ಹಿಂದೆ ಪದ್ಮವ್ವ. ಅರ್ಜುನ ಕಟ್ಟಿಗೆಯ ಚೌಕಟ್ಟು, ಸುತ್ತಿದ ಒಂದು ಫ್ಲೆಕ್ಸ್ ಇಳಿಸಿದ. ಭಾಗ್ಯಾ ಚಪ್ಪಲಿಯನ್ನು ದೂರ ಬಿಟ್ಟು ಬಂದು ಕಟ್ಟೆಯ ಮುಂದೆ ಆ ಫ್ಲೆಕ್ಸ್ ಬಿಚ್ಚಿದಳು. ಪೇಟ ಸುತ್ತಿ ನಗುತ್ತಿರುವ ನಿಜಗುಣಪ್ಪಗೌಡರು, ಆಳೆತ್ತರ. "ಹುಟ್ಟುಹಬ್ಬದ ಹಾರ್ದಿಕ ಶುಭಾಶಯಗಳು." ಬರುವ ಸೋಮವಾರ ಅವರ ಹುಟ್ಟುಹಬ್ಬ, ಅಗಸಿಗೆ ಕಟ್ಟಲು ಅದೇ ಅಂಗಡಿಗೆ ಹೇಳಿದ್ದರು.

"ನಿಮ್ಮ ಆರ್ಡರ್ ರೀ ಗೌಡ್ರ," ಎಂದಳು ಭಾಗ್ಯಾ. "ನಿಮ್ಮ ಮುಂದ ಕಟ್ಟಿಕೊಡಬೇಕಂತ ತಂದೇನಿ."

ಫ್ಲೆಕ್ಸನ್ನು ಮುಖ ಕೆಳಗೆ ಮಾಡಿ ಹಾಸಿದಳು. ಮೇಲೆ ಬರೀ ಬಿಳಿ. ಅದರ ಮೇಲೆ ಚೌಕಟ್ಟು ಇಟ್ಟಳು. ಬರಿಗಾಲನ್ನು ಕಟ್ಟಿಗೆಯ ಮೇಲೆ ಊರಿ, ಅಂಚನ್ನು ಎಳೆದು ಮಡಚಿ ಒಂದು ಮೊಳೆ ಹೊಡೆದಳು. ಇನ್ನೊಂದು ಹೊಡೆದಳು. ಜನ ತಮ್ಮ ಫೋನು ತೆಗೆದು ನೋಡುತ್ತಿದ್ದರು, ಅವಳನ್ನು ನೋಡುತ್ತಿದ್ದರು. ಮೂರನೆಯ ಮೊಳೆಗೆ ಅವಳು ತಲೆ ಎತ್ತಿದಳು, ಕಾಲು ತೆಗೆಯಲಿಲ್ಲ.

"ಹೇಳ್ರಿ ಗೌಡ್ರ. ನಾ ಈಗ ನಿಮ್ಮನ್ನ ತುಳದೇನೇನ್ರಿ?"

ಗೌಡರು ಅತ್ತಿತ್ತ ನೋಡಿದರು. ಹೌದೆಂದರೆ ಇಪ್ಪತ್ತು ವರ್ಷದಿಂದ ಅಗಸಿಗೆ ಕಟ್ಟಿಸಿಕೊಂಡ ಎಲ್ಲ ಹುಟ್ಟುಹಬ್ಬದಲ್ಲೂ ತುಳಿಸಿಕೊಂಡಂತೆ. "ಇದು ಬ್ಯಾರೆ," ಎಂದರು.

"ಏನ್ ಬ್ಯಾರೆ ಐತೋ ನಿಜಗುಣಾ?" ಎಂದು ಕೂಗಿದಾಕೆ ಮುದಕವ್ವ. "ನನಗ ಕಣ್ಣ ಕಾಣಂಗಿಲ್ಲ, ಬಿಡಿಸಿ ಹೇಳು."

ಜನ ನಕ್ಕರು. ಒಬ್ಬ, "ಕಟ್ಟಿಗಿ ಮ್ಯಾಲಿದ್ರ ಮಾರಿ ಕೆಳಗ ಇರಬೇಕಲ್ರಿ, ಫೋಟೊದಾಗ ಹೆಂಗ ಮ್ಯಾಲ ಬಂತು?" ಎಂದ. ಇನ್ನೊಬ್ಬ, "ಮಾಡಿದಾಂವ ಯಾರು?" ಎಂದ. ಭಾನುವಾರದಿಂದ ನಾನು ಕಾಯುತ್ತಿದ್ದ ಪ್ರಶ್ನೆ. ನಾನು ಕಟ್ಟೆ ಹತ್ತಿ ಹೇಳಿದೆ: ಮಾಡಿದವನು ನನ್ನ ಅಳಿಯ, ಫೋಟೊ ಕೊಟ್ಟವನು ನಾನು, ಹಂಚಿದವನೂ ನಾನು. ಪಟ್ಟಿಯಲ್ಲಿ ನನ್ನ ಬಗ್ಗೆ ಬರೆದ ಸಾಲನ್ನೂ ಹೇಳಿದೆ. ಅಳಿಯನ ಹೆಸರು ಹೇಳುವಾಗ ಮಗಳ ಮುಖ ಕಣ್ಣ ಮುಂದೆ ಬಂತು, ಆದರೂ ನಿಲ್ಲಿಸಲಿಲ್ಲ.

ಗೌಡರು ಎದ್ದರು. ನನ್ನ ಕೈಯಿಂದ ಲಕೋಟೆ ಕಸಿದುಕೊಂಡು ಒಡೆದರು, ಓದಿದಂತೆ ಮಾಡಿದರು. "ಓದಿ ಆತೇನ್ರಿ?" ಎಂದೆ. ಇನ್ನೊಮ್ಮೆ ಓದಿದರು. ಚೀಟಿಗೆ ಸಹಿ ಗೀಚಿ ಕೊಟ್ಟು, ಯಾರನ್ನೂ ನೋಡದೆ ಮನೆಯ ಕಡೆ ನಡೆದರು. ಭಾಗ್ಯಾ ಉಳಿದ ಮೊಳೆಗಳನ್ನೆಲ್ಲ ಹೊಡೆದು ಮುಗಿಸಿ, ಬೋರ್ಡನ್ನು ಅವರ ಮನೆಗೆ ಕಳಿಸಿಕೊಟ್ಟಳು.

ಮೂರು ಗಂಟೆಯವರೆಗೆ ನಾವೆಲ್ಲ ಪದ್ಮವ್ವನ ಮನೆಯಲ್ಲೇ ಕೂತೆವು. ಮೂರು ಹೊಡೆಯಿತು. ಭಾಗ್ಯಾಳ ಹೆಸರು ಪಟ್ಟಿಯಲ್ಲಿ ಉಳಿಯಿತು. ಗೆಲ್ಲುತ್ತಾಳೋ ಸೋಲುತ್ತಾಳೋ ಇನ್ನು ಹತ್ತು ದಿನಕ್ಕೆ ತಿಳಿಯುತ್ತದೆ. ಪದ್ಮವ್ವ ಕೊಡ ಎತ್ತಿಕೊಂಡು, ಸುತ್ತಿ ಬಳಸಿ ಹೋಗದೆ ಊರ ನಡುವಿನ ದಾರಿಯಲ್ಲೇ ನೀರಿಗೆ ಹೋದಳು. ನಾನು ಸಹಿಯ ಚೀಟಿಗಳನ್ನು ಭಾಗ್ಯಾಳ ಕೈಗೆ ಕೊಟ್ಟು, "ನಲವತ್ಮೂರೂ ಅದಾವ ನೋಡವಾ," ಎಂದು ಏಳಲು ಹೋದೆ.

"ಕುಂಡ್ರಿ ಕಾಕಾ. ಒಂದ ಉಳದೈತಿ."

ಒಳಗಿನಿಂದ ಒಂದು ಲಕೋಟೆ ತಂದಳು. ಅಂಟು ಹಚ್ಚಿದ್ದು, ಅವಳ ದುಂಡು ಅಕ್ಷರದಲ್ಲಿ ವಿಳಾಸ ಬರೆದದ್ದು. ಶ್ರೀ ಬಸವಣ್ಣೆಪ್ಪ, ನಿವೃತ್ತ ಪೋಸ್ಟಮನ್, ಊರು, ತಾಲೂಕು, ಪಿನ್ ಕೋಡ್ ಸಹಿತ.

"ನನಗ್ಯಾಕವಾ? ಒಳಗ ಏನೈತಿ ಅಂತ ನನಗ ಗೊತ್ತೈತಲ್ಲ."

"ಸುಳ್ಳ ಮುಟ್ಟಿದ್ದು ನಲವತ್ನಾಲ್ಕ ಮನಿಗ್ರಿ. ನಿಮ್ಮ ಮನಿ ಬಿಟ್ಟ ಎಣಿಸೀರಿ ನೀವು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಬಿಟ್ಟುಕೊಡುವ ಭಾವವೂ ಇರಲಿಲ್ಲ. "ಒಡದು ಓದ್ರಿ. ಆಮ್ಯಾಲ ಸಹಿ."

ಶಟ್ಟೆವ್ವ ನನ್ನನ್ನೇ ನೋಡುತ್ತಿದ್ದಳು. ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡೆ. ಲಕೋಟೆಯ ಅಂಚನ್ನು ನಿಧಾನವಾಗಿ ಹರಿದೆ. ಎರಡು ಫೋಟೊಗಳನ್ನೂ ನೋಡಿದೆ, ಕೆಂಪು ಗೆರೆಯನ್ನೂ ಕೆಳಗಿನ ನಾಲ್ಕು ಸಾಲನ್ನೂ ಮೊದಲಿನಿಂದ ಕೊನೆಯವರೆಗೆ, ಪದ್ಮವ್ವನಿಗೆ ಕಾಗದ ಓದುತ್ತಿದ್ದ ಹಾಗೆ, ಬಾಯಿಬಿಟ್ಟು ಓದಿದೆ. ಓದಿ ಚೀಟಿಗೆ ಸಹಿ ಹಾಕಿದೆ.

ಭಾಗ್ಯಾ ಆ ಸಹಿಯನ್ನು ಒಮ್ಮೆ ನೋಡಿ, ಚೀಟಿಯನ್ನು ಉಳಿದ ನಲವತ್ಮೂರರ ಮೇಲಿಟ್ಟು ದಾರ ಕಟ್ಟಿದಳು.